ಅಕ್ಕ ತಪ್ಪು ಜಾಗದಲ್ಲಿ ಬರೆದ ದೂರು

ಬ್ಯಾಡಗಿ
ಫೆಬ್ರವರಿ ೩೦, ೨೨೧೯

ಅಕ್ಕನವರಿಗೆ,

ಮೇಲಿನ ತಾರೀಖು ನೋಡಿ ನಗಬೇಡಿ. ನಿಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತನೆಯ ದಿನವೇ ಇರಲಿಲ್ಲವೆಂದು ಓದಿದ್ದೇನೆ. ನಮ್ಮ ಹಿರಿಯರು ಯಾವಾಗಲೋ ತಿಂಗಳುಗಳನ್ನು ಸಮನಾಗಿ ಹಂಚುವಾಗ ಪಾಪ ಎಂದು ಅದಕ್ಕೂ ಒಂದಿಷ್ಟು ಕೊಟ್ಟರು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕಾಣಬಹುದು, ಅದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಆಗಿಹೋದ ಕಾಲಕ್ಕೆ ಹೋಗುವ ಟಪಾಲು. ವರ್ಷಕ್ಕೊಮ್ಮೆ, ಇದೇ ದಿನ, ನಮ್ಮೂರ ಅಂಚೆ ಕಚೇರಿಯಲ್ಲಿ ಅದರ ಕಿಟಕಿ ತೆರೆಯುತ್ತಾರೆ, ಮನೆಗೊಂದೇ ಕಾಗದ. ಮುಟ್ಟುತ್ತದೋ ಇಲ್ಲವೋ ಯಾರಿಗೂ ತಿಳಿಯದು, ಉತ್ತರವಂತೂ ಇದುವರೆಗೆ ಬಂದಿಲ್ಲ. ಹೆಚ್ಚಿನವರು ತಮ್ಮ ಮುತ್ತಜ್ಜನಿಗೆ ಆ ಹೊಲ ಮಾರಬೇಡ, ಆ ಮನೆಗೆ ಹೆಣ್ಣು ಕೊಡಬೇಡ ಎಂದು ಬರೆಯುತ್ತಾರೆ. ನಾನು ಬಂಧುವೂ ಅಲ್ಲದ, ಹೆಸರೂ ಗೊತ್ತಿಲ್ಲದ ನಿಮಗೆ ಬರೆಯುತ್ತಿದ್ದೇನೆ. ಕಿಟಕಿಯಲ್ಲಿ ಕೂತವರು ವಿಳಾಸ ನೋಡಿ ಮುಖ ಸಿಂಡರಿಸಿದರು, ಆದರೂ ಮುದ್ರೆ ಒತ್ತುತ್ತೇನೆಂದರು.

ನನ್ನ ಹೆಸರು ಕಾಶವ್ವ ಮೋಟೆಬೆನ್ನೂರ. ಮೆಣಸಿನಕಾಯಿ ತೊಟ್ಟು ಬಿಡಿಸುವ ಷೆಡ್ಡು ನಡೆಸುತ್ತೇನೆ. ಇನ್ನೂರು ವರ್ಷದಲ್ಲಿ ಏನೇನೋ ಬದಲಾಗಿದೆ, ಆದರೆ ತೊಟ್ಟು ಬಿಡಿಸುವ ಯಂತ್ರಗಳು ಕಾಯಿಯನ್ನೂ ಮುರಿದು ಹಾಕುತ್ತವೆ; ಹಾಗಾಗಿ ಹೆಂಗಸರ ಬೆರಳಿಗೆ ಇನ್ನೂ ಬೆಲೆ ಇದೆ. ಷೆಡ್ಡಿಗೆ ಬಂದವರು ಎಂಥ ದೊಡ್ಡ ಮನುಷ್ಯರಾದರೂ ಮೊದಲು ಸೀನುತ್ತಾರೆ, ಆಮೇಲೆ ಮಾತು. ನಮ್ಮ ಮನೆಯವರು ಗುರುಬಸಪ್ಪ, ಪೇಟೆಯಲ್ಲಿ ಮೆಣಸಿನಕಾಯಿ ಖರೀದಿ ಮಾಡುತ್ತಾರೆ. ಅವರಿಗೆ ಚಿಕ್ಕಂದಿನಿಂದ ಮಾತು ತೊದಲು. ಕೆಲವು ಅಕ್ಷರ ಬಂದರೆ ಸಾಕು, ತುಟಿ ಅಲ್ಲಿಯೇ ನಿಂತುಬಿಡುತ್ತದೆ. ಹೆಣ್ಣು ನೋಡಲು ಬಂದ ದಿನ ನನ್ನ ಹೆಸರು ಕೇಳಿ ಮುಗಿಸುವಷ್ಟರಲ್ಲಿ ಅವರ ಕೈಯಲ್ಲಿದ್ದ ಚಹಾ ಆರಿಹೋಗಿತ್ತು. ಅಷ್ಟು ಕಷ್ಟಪಟ್ಟು ನನ್ನ ಹೆಸರು ಕೇಳಿದವರು ಬೇರೆ ಯಾರೂ ಇರಲಿಲ್ಲ, ಅದಕ್ಕೇ ಒಪ್ಪಿಕೊಂಡೆ.

ನಮ್ಮ ಕಾಲದಲ್ಲಿ ಬೆರಳಿನಿಂದ ಒತ್ತುವ ಕೆಲಸ ಕಡಿಮೆ. ಬಸ್ಸು ನಿಲ್ಲಿಸುವುದು, ರೇಷನ್ ತರುವುದು, ಪೇಟೆಯಲ್ಲಿ ದರ ಕೂಗುವುದು, ಎಲ್ಲವೂ ಫೋನಿಗೆ ಬಾಯಿಬಿಟ್ಟು ಹೇಳಿಯೇ ಆಗಬೇಕು. ಫೋನುಗಳಲ್ಲಿ ಎರಡು ಬಗೆ. ಒಂದು ಮುಚ್ಚುಫೋನು. ಅದರೊಳಗೆ ಏನು ನಡೆಯುತ್ತದೆಂದು ಮಾಡಿದ ಕಂಪನಿಗೆ ಮಾತ್ರ ಗೊತ್ತು. ಇನ್ನೊಂದು ಬಿಚ್ಚುಫೋನು. ಅದರ ಒಳಗಿನ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಉಳಿದವರಿಗೆ ಕೊಡಬಹುದು. ನಿಮ್ಮ ಕಾಲದಲ್ಲಿ ಇದನ್ನು ಓಪನ್ ಸೋರ್ಸ್ ಎನ್ನುತ್ತಿದ್ದರಂತೆ. ಯಾರು ಬೇಕಾದರೂ ಓದಬಹುದು ಎಂದರೆ ನಾನೇನೋ ಓದಿಬಿಟ್ಟೆ ಎಂದುಕೊಳ್ಳಬೇಡಿ. ನನಗೆ ಅದರ ಒಂದು ಸಾಲೂ ಅರ್ಥವಾಗದು. ಆದರೆ ನಮ್ಮ ಓಣಿಯಲ್ಲಿ ಶಕೀಲಾಬಾನು ಇದ್ದಾರೆ. ಪ್ರತಿ ಓಣಿಗೂ ಇಂಥ ಒಬ್ಬರು ಓದುಗಾರರು ಇರುತ್ತಾರೆ. ಫೋನಿಗೆ ಹೊಸ ತಿದ್ದುಪಡಿ ಬಂದ ವಾರ ಶಕೀಲಕ್ಕ ಕಟ್ಟೆಯ ಮೇಲೆ ಕೂತು, ಇಂಥಿಂಥದ್ದು ಬದಲಾಗಿದೆ, ಇದು ಒಳ್ಳೆಯದು, ಇದು ನನಗೆ ಸರಿ ಕಾಣುವುದಿಲ್ಲ ಎಂದು ಹೇಳುತ್ತಾರೆ. ನಾವು ಜಗಳವಾಡುತ್ತೇವೆ, ಬೇಕಾದ್ದು ಹಾಕಿಸಿಕೊಳ್ಳುತ್ತೇವೆ, ಬೇಡದ್ದು ಬಿಡುತ್ತೇವೆ. ನಮ್ಮತ್ತೆ ಸಾಯುವತನಕ ತಮ್ಮ ಫೋನಿನ ಮುಖವನ್ನು ಬದಲಿಸಗೊಡಲಿಲ್ಲ. ಮೊದಲ ದಿನ ಯಾವ ಚಿತ್ರ ಎಲ್ಲಿತ್ತೋ ಕೊನೆಯ ದಿನವೂ ಅಲ್ಲೇ ಇತ್ತು. ಆ ಫೋನಿನ ಬೆನ್ನು ಬಿಚ್ಚಿ ಬ್ಯಾಟರಿ ಬದಲಿಸಿ, ಗಾಜು ಹಾಕಿಸಿ, ಈಗ ನಾನು ಬಳಸುತ್ತಿದ್ದೇನೆ. ನೋಡಲು ಚೆಂದವಿಲ್ಲ, ದಪ್ಪ, ಒಮ್ಮೊಮ್ಮೆ ನಿಧಾನ. ಇದ್ದದ್ದು ಇದ್ದಹಾಗೆ ಹೇಳಬೇಕಲ್ಲ.

ಈಗ ನಿಮ್ಮ ವಿಷಯ. ಬಿಚ್ಚುಫೋನಿನ ಹಳೆಯ ದೂರುಗಳೆಲ್ಲ ಇನ್ನೂ ಹಾಗೇ ಉಳಿದಿವೆ, ಯಾರು ಬೇಕಾದರೂ ತೆಗೆದು ನೋಡಬಹುದು. ಅವುಗಳಲ್ಲಿ ಒಂದೇ ದಿನ ಒಬ್ಬರೇ ಬರೆದ ನಾಲ್ಕಾರು ದೂರುಗಳಿವೆ. ಫೋಟೋ ಮಸುಕು. ಬ್ಯಾಂಕಿನದ್ದು ತೆರೆಯುವುದಿಲ್ಲ. ಯಾರದೋ ಮಾತು ಕೇಳಿ ಇದನ್ನು ಕೊಂಡು ಕೆಟ್ಟೆ, ನಾಳೆ ವಾಪಸ್ ಕೊಡುತ್ತೇನೆ. ಹೆಸರಿನ ಜಾಗದಲ್ಲಿ ಅಕ್ಕ ಎಂದಷ್ಟೇ ಇದೆ. ಕೊನೆಯದು, ತೊದಲುವ ನಿಮ್ಮ ತಮ್ಮನ ಮಾತನ್ನು ಫೋನು ಅರ್ಧಕ್ಕೇ ತಡೆಯುತ್ತದೆ ಎಂಬ ದೂರು; ಅದನ್ನು ಬರೆಯುವಾಗ ನಿಮಗೆ ಸಿಟ್ಟು ನೆತ್ತಿಗೇರಿತ್ತೆಂದು ಕಾಣುತ್ತದೆ. ದೂರು ಬರೆಯುವ ಜಾಗ ಬಿಟ್ಟು, ಫೋನಿನಲ್ಲಿ ಕಾಣುವ ಇಂಗ್ಲಿಷ್ ಮಾತುಗಳಿಗೆ ಕನ್ನಡ ಬರೆದುಕೊಡುವ ಜಾಗದಲ್ಲಿ ಬರೆದುಬಿಟ್ಟಿದ್ದೀರಿ. ಯಾವುದೋ ದೂರದೇಶದಲ್ಲಿ ಆ ಕೆಲಸ ನೋಡಿಕೊಳ್ಳುತ್ತಿದ್ದವನಿಗೆ ಕನ್ನಡ ಬಾರದು. ಅವನು ಇನ್ಯಾರನ್ನೋ ಕೇಳಿದ. ಅವರು ಓದಿ ನಕ್ಕು, ಇದು ಅನುವಾದವಲ್ಲ ಮಾರಾಯ, ಒಬ್ಬ ಹೆಣ್ಣುಮಗಳ ಗೋಳು ಎಂದರು. ಯಾರದಾದರೂ ಮಾತು ನಡುವೆ ನಿಂತರೆ ಫೋನು ಬಾಯಿ ಮುಚ್ಚಿಕೊಂಡು ಕಾಯಬೇಕು ಎಂಬ ಸೌಲಭ್ಯವನ್ನು ಅವನು ಅದೇ ವಾರ ಬರೆದು ಸೇರಿಸಿದ. ಆ ಸೌಲಭ್ಯದ ಹೆಸರಿಗೆ ಮಾತ್ರ ನೀವು ಬರೆದ ಮಾತನ್ನೇ ಬಿಟ್ಟ. ಇವತ್ತಿಗೂ ಕನ್ನಡದ ಪ್ರತಿಯೊಂದು ಬಿಚ್ಚುಫೋನಿನಲ್ಲಿ, ಬೆಳಕು ಹೆಚ್ಚು ಕಡಿಮೆ ಮಾಡುವ ಗುಂಡಿಯ ಕೆಳಗೆ, ಇನ್ನೊಂದು ಗುಂಡಿಯ ಮೇಲೆ ಹೀಗೆ ಬರೆದಿರುತ್ತದೆ: "ಸ್ವಲ್ಪ ತಡೀರಿ, ನನ್ನ ತಮ್ಮ ಮಾತ ಮುಗಸ್ಲಿ."

ಎಷ್ಟೋ ಪಂಡಿತರು ಅದನ್ನು ತೆಗೆದು ವಿರಾಮಾವಧಿ ಎಂದೋ ಏನೋ ಹಾಕಲು ಬಂದರು. ಜನ ಬಿಡಲಿಲ್ಲ. ನನಗೆ ನೀವು ಮುತ್ತಜ್ಜಿಯ ಮುತ್ತಜ್ಜಿಯಾಗಬೇಕು, ಆದರೂ ಅಕ್ಕ ಎಂದೇ ಬಾಯಿಗೆ ಬರುತ್ತದೆ.

ಹೋದ ವರ್ಷ ಸುಗ್ಗಿಯ ಹೊತ್ತಿಗೆ ಒಂದು ಕಂಪನಿಯವರು ಪೇಟೆಗೆ ಬಂದು ಖರೀದಿದಾರರಿಗೆಲ್ಲ ಮುಚ್ಚುಫೋನು ಪುಕ್ಕಟೆ ಹಂಚಿದರು. ತೆಳ್ಳಗೆ, ಮೆಣಸಿನಕಾಯಿ ಸಿಪ್ಪೆಯಷ್ಟು ಹಗುರ. ಅದರಲ್ಲಿ ಮಾತುಪೂರಣ ಎಂಬುದೊಂದಿತ್ತು. ಮಾತಾಡುತ್ತ ಎಲ್ಲಿಯಾದರೂ ನಿಂತರೆ, ಮುಂದೆ ಏನು ಹೇಳುತ್ತೀರೆಂದು ಅದೇ ಊಹಿಸಿ, ನಿಮ್ಮದೇ ಧ್ವನಿಯಲ್ಲಿ ಹೇಳಿ ಮುಗಿಸುತ್ತದೆ. ನಮ್ಮ ಮನೆಯವರ ಸಂತೋಷವನ್ನು ನಾನು ಆಡಿಕೊಳ್ಳಲಾರೆ. ಜೀವನದಲ್ಲಿ ಮೊದಲ ಸಲ ಪೇಟೆಯಲ್ಲಿ ಅವರ ದರ ಎಲ್ಲರಿಗಿಂತ ಮೊದಲು ಕೇಳಿಸಿತು. ಹಿಂದಿನಿಂದ ಅಣಕಿಸುತ್ತಿದ್ದವರು ಬೆನ್ನು ತಟ್ಟಿದರು. ಮನೆಗೆ ಬಂದು ಆ ಫೋನು ಹಿಡಿದು, ಊಟಕ್ಕೆ ಏನು ಮಾಡಿದ್ದೀ ಎಂದು ನನ್ನನ್ನು ನಾಲ್ಕು ಸಲ ಸುಮ್ಮಸುಮ್ಮನೆ ಕೇಳಿದರು, ತಡವರಿಸದೆ ಕೇಳಬಹುದಲ್ಲ ಎಂಬ ಸುಖಕ್ಕೆ. ನಾನು ನಾಲ್ಕು ಸಲವೂ ಉತ್ತರ ಹೇಳಿದೆ.

ನಮಗೆ ಒಬ್ಬಳೇ ಮಗಳು, ದಾನೇಶ್ವರಿ. ಕಾರವಾರದ ಆಚೆ ಸಮುದ್ರದಲ್ಲಿ ನೆಟ್ಟಿರುವ, ಗಾಳಿಯಿಂದ ಕರೆಂಟು ತೆಗೆಯುವ ಗಾಳಿಕಂಬಗಳ ಮೇಲೆ ಕೆಲಸ ಮಾಡುತ್ತಾಳೆ. ಅಲ್ಲಿಗೆ ಕೆಲಸದವರನ್ನು ಬಿಟ್ಟು ಬೇರೆ ಯಾರನ್ನೂ ದೋಣಿ ಹತ್ತಿಸುವುದಿಲ್ಲ. ಅವಳು ಅಲ್ಲಿಗೆ ಹೋಗುವುದು ಅಪ್ಪನಿಗೆ ಸುತರಾಂ ಇಷ್ಟವಿರಲಿಲ್ಲ. ಷೆಡ್ಡು ನೋಡಿಕೊಂಡು ಕಣ್ಣೆದುರಿಗಿರಲಿ ಎಂದು ಅವರ ಆಸೆ. ಅವಳು ಹೊರಟ ಮೇಲೂ ಫೋನಿನಲ್ಲಿ ದಿನಾ ಅದೇ ಜಗಳ. ಸಿಟ್ಟು ಬಂದಾಗಲೆಲ್ಲ ಇವರು ಹೇಳುತ್ತಿದ್ದುದು ಒಂದೇ ಮಾತು, ಇನ್ನು ಈ ಮನೆಗೆ ಬರಬೇಡ. ಆ ಜಗಳವನ್ನೆಲ್ಲ ಹೊಸ ಫೋನು ಕೇಳಿಸಿಕೊಳ್ಳುತ್ತಿತ್ತು. ದೀಪಾವಳಿಯ ಮುಂದೆ ಮಗಳು ತಾನಾಗಿಯೇ ಕರೆ ಮಾಡಿ, ಹಬ್ಬಕ್ಕೆ ಬರಲಾ ಅಪ್ಪಾ ಎಂದು ಕೇಳಿದಳು. ಅಷ್ಟು ಹೊತ್ತಿಗೆ ಇವರ ಸಿಟ್ಟು ಇಳಿದು ಎಷ್ಟೋ ದಿನವಾಗಿತ್ತು. ಬಾ ಎನ್ನಲು ತುಟಿ ಕೂಡಿಸಿದರು, ತುಟಿ ಅಂಟಿತು. ಫೋನು ಕಾಯಲಿಲ್ಲ. ಅವರದೇ ಧ್ವನಿಯಲ್ಲಿ, ಒಂದಿಷ್ಟೂ ತಡವರಿಸದೆ, ಬರಬೇಡ ಎಂದಿತು. ಅಡುಗೆಮನೆಯಲ್ಲಿದ್ದ ನನಗೂ ಕೇಳಿಸಿತು. ಮಗಳು ಕರೆ ಕತ್ತರಿಸಿದಳು.

ಆಮೇಲೆ ಅವಳು ಇಬ್ಬರ ಕರೆಯನ್ನೂ ಎತ್ತಲಿಲ್ಲ. ಅದು ಅಪ್ಪ ಹೇಳಿದ್ದಲ್ಲ, ಫೋನು ಹೇಳಿದ್ದು ಎಂದು ನಾನು ಬರೆದು ಕಳಿಸಿದೆ. ಅಪ್ಪನ ಧ್ವನಿ ನನಗೆ ಗೊತ್ತಿಲ್ಲವೇ ಎಂದು ಉತ್ತರ ಬಂತು. ಕಂಪನಿಯವರನ್ನು ಕೇಳಿದೆವು. ಬಹಳ ಮರ್ಯಾದೆಯಿಂದ, ನಮ್ಮ ಫೋನು ಗ್ರಾಹಕರು ಹೇಳಬಯಸಿದ್ದನ್ನೇ ಹೇಳುತ್ತದೆ ಎಂದರು. ಮಾತುಪೂರಣ ತೆಗೆಯಿರಿ ಎಂದರೆ ಅದು ನಿಮ್ಮ ಅನುಕೂಲಕ್ಕೇ ಇದೆ ಎಂದರು. ಫೋನನ್ನು ಶಕೀಲಕ್ಕನ ಹತ್ತಿರ ಒಯ್ದೆವು. ಅವರು ತಿರುಗಿಸಿ ಮುರುಗಿಸಿ ನೋಡಿ ಕೈಚೆಲ್ಲಿದರು. ಇದರ ಒಳಗಿನದ್ದು ನನಗೆ ಕಾಣುವುದಿಲ್ಲ, ಕಂಡಿದ್ದರೆ ಈ ಮಾತು ಎಲ್ಲಿಂದ ಬಂತೆಂದು ನಿಮ್ಮ ಮಗಳಿಗೆ ತೋರಿಸುತ್ತಿದ್ದೆ ಎಂದರು. ಸಿಟ್ಟಿನ ದಿನಗಳ ಗುರುಬಸಪ್ಪನನ್ನು ಆ ಫೋನು ಕಲಿತುಬಿಟ್ಟಿತ್ತು, ಮನಸ್ಸು ಬದಲಿಸಿದ ಗುರುಬಸಪ್ಪ ಅದಕ್ಕೆ ಬೇಕಾಗಿರಲಿಲ್ಲ. ನನಗೆ ಆಗ ಬಂದ ಸಿಟ್ಟು ನಿಮ್ಮ ಸಿಟ್ಟಿಗೆ ಕಡಿಮೆಯದ್ದಲ್ಲ, ಅಕ್ಕಾ.

ಇವರು ತಮ್ಮ ಹಳೆಯ ಬಿಚ್ಚುಫೋನು ಹುಡುಕಿ ತೆಗೆದರು. ಪೇಟೆಯಲ್ಲಿ ಮತ್ತೆ ಕೊನೆಯವರಾದರು, ಮತ್ತೆ ಅಣಕಿಸಿಕೊಂಡರು. ದಿನಾ ಮಗಳಿಗೆ ಕರೆ ಮಾಡುತ್ತಿದ್ದರು. ನಮ್ಮ ಕಾಲದಲ್ಲಿ ಕರೆ ಹೋಗುವ ದಾರಿಯಲ್ಲಿ ದಟ್ಟಣೆ ಹೆಚ್ಚು, ಆದ್ದರಿಂದ ಕರೆ ಮಾಡಿದವರು ಸುಮ್ಮನಾದರೆ ಫೋನು ತಾನಾಗಿಯೇ ಕತ್ತರಿಸುವುದು ಪದ್ಧತಿ. ನೀವು ಬೈದು ಬರೆಸಿದ ಆ ಗುಂಡಿ ಒತ್ತಿದ್ದರೆ ಮಾತ್ರ ಕಾಯುತ್ತದೆ. ನಿನ್ನೆ ಮುಂಜಾನೆ ಮಗಳು ಕರೆ ಎತ್ತಿದಳು. ಇವರು ಷೆಡ್ಡಿನ ಬಾಗಿಲಲ್ಲಿ ನಿಂತು ತುಟಿ ಕೂಡಿಸಿದರು. ಮಾತು ಹೊರಡಲಿಲ್ಲ. ತೊಟ್ಟು ಬಿಡಿಸುತ್ತಿದ್ದ ಹೆಂಗಸರೆಲ್ಲ ಕೈ ನಿಲ್ಲಿಸಿ ಕೂತರು. ಇವರ ಕತ್ತಿನ ನರ ಉಬ್ಬಿತು, ಕಣ್ಣಲ್ಲಿ ನೀರು ಬಂತು, ನಾನೇ ಆ ಮಾತು ಹೇಳಿಬಿಡಲೇ ಎಂದು ನನ್ನ ನಾಲಿಗೆ ತುರಿಸಿತು, ಸೆರಗು ಬಾಯಿಗೆ ಒತ್ತಿಕೊಂಡು ನಿಂತೆ. ಆ ಕಡೆ ಸಮುದ್ರದ ಗಾಳಿ ಕೇಳುತ್ತಿತ್ತು. ಫೋನು ಕಾಯಿತು.

"ಬ... ಬ... ಬಾರವ್ವಾ. ಮನಿಗೆ ಬಾ."

ಮಗಳ ಧ್ವನಿ ಒಡೆಯಿತು.

"ಅಪ್ಪಾ, ಅವತ್ತ ನೀ ತೊದಲಿರಲೇ ಇಲ್ಲ. ಅದು ನೀ ಅಲ್ಲಂತ ನನಗ ತಿಳೀಬೇಕಿತ್ತು."

ಅಷ್ಟೇ, ಅಕ್ಕಾ. ಬಿಚ್ಚುಫೋನು ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ನಮ್ಮ ಓಣಿಯಲ್ಲಿ ಬ್ಯಾಟರಿ, ಬಾಳಿಕೆ, ಗುಟ್ಟು ಎಂದು ಬೇಕಾದಷ್ಟು ಕಾರಣ ಹೇಳುತ್ತಾರೆ. ಎಲ್ಲವೂ ನಿಜ. ನನಗೆ ಗೊತ್ತಿರುವುದು ಇಷ್ಟು: ಅದರಲ್ಲಿ ನಮ್ಮಂಥವರ ಗೋಳು ಒಳಗೆ ಹೋಗಲು ದಾರಿಯಿದೆ, ಹೋದದ್ದು ಅಲ್ಲಿಯೇ ಉಳಿಯುತ್ತದೆ.

ನೀವು ಆ ಕೊನೆಯ ದೂರು ಬರೆಯುವ ಮೊದಲೇ ಮುಟ್ಟಲೆಂದು ಈ ಕಾಗದದ ವಿಳಾಸದಲ್ಲಿ ಅದೇ ದಿನದ ತಾರೀಖು ಹಾಕಿದ್ದೇನೆ. ನಿಮ್ಮ ಫೋನಿನ ಫೋಟೋ ಮಸುಕೇ ಇರಬಹುದು. ಬ್ಯಾಂಕಿನವರೂ ನಿಮ್ಮನ್ನು ಗೋಳುಹೊಯ್ದುಕೊಂಡಿರಬಹುದು. ಬೇಡವಾದರೆ ಖಂಡಿತ ವಾಪಸ್ ಕೊಡಿ, ನಾನು ಬೇಡ ಎನ್ನುವುದಿಲ್ಲ. ಆದರೆ ಕೊಡುವ ಮೊದಲು ಒಂದು ಸಲ ಕೂತು, ನಿಮ್ಮ ತಮ್ಮನನ್ನು ಅದು ಅರ್ಧಕ್ಕೇ ತಡೆದದ್ದಕ್ಕೆ ಬಾಯಿಗೆ ಬಂದಂತೆ ಬೈದು ಬರೆಯಿರಿ. ಸರಿಯಾದ ಜಾಗ ಯಾವುದೆಂದು ಯಾರನ್ನೂ ಕೇಳಬೇಡಿ. ನಾಳೆ ದಾನೇಶ್ವರಿ ಬರುತ್ತಾಳೆ. ಇವರು ಬೆಳಗಿನಿಂದ ಅವಳ ಕೋಣೆ ಗುಡಿಸುತ್ತಿದ್ದಾರೆ. ನೀವು ಬರೆಯದಿದ್ದರೆ ನಾಳೆ ನಮ್ಮ ಮನೆಗೆ ಯಾರೂ ಬರುವುದಿಲ್ಲ.

ನಿಮ್ಮ,
ಕಾಶವ್ವ