ಖಾಲಿ ತೊಟ್ಟಿಲು ತೂಗಿದ್ದು

ಸಂಶಿ
ಮಂಗಳವಾರ, 12 ನವೆಂಬರ್ 2024

ಪ್ರೀತಿಯ ಸುನಿತಾ,

ಹೇಗಿದ್ದೀ? ಕಾಲಿನ ಬಾವು ಇಳಿಯಿತೇ? ಡಾಕ್ಟರು ಹೇಳಿದಂತೆ ಎಡಮಗ್ಗುಲಿಗೇ ಮಲಗುತ್ತಿದ್ದೀಯಲ್ಲ? ಎರಡು ದಿನದಿಂದ ಹೊಟ್ಟೆಯೊಳಗೆ ಕೂಸಿನ ಅಲುಗಾಟ ಕಡಿಮೆಯಾಗಿದೆ, ಎದೆಬಡಿತ ಸರಿಯಿದ್ದರೂ ದಿನಾ ಹತ್ತು ಒದೆತ ಎಣಿಸಬೇಕಂತೆ ಎಂದು ನೀನು ನಿನ್ನೆ ಫೋನಿನಲ್ಲಿ ಹೇಳಿದಾಗ ನಾನು ಸುಮ್ಮನಾಗಿಬಿಟ್ಟೆ. "ಯಾಕ್ರಿ, ಮಾತಾಡವಲ್ರಿ?" ಎಂದೆ ನೀನು. ಆಮೇಲೆ ಮಾಡುತ್ತೇನೆಂದು ಫೋನ್ ಇಟ್ಟೆ. ಅದಕ್ಕೇ ಈ ಕಾಗದ. ನಿನ್ನ ತವರು ಕಲಘಟಗಿಗೆ ಹೊರಟಿರುವ ಭರಮಪ್ಪ ಕಾಕಾನ ಕೈಯಲ್ಲಿ ಕಳಿಸುತ್ತಿದ್ದೇನೆ.

ಶುಕ್ರವಾರ ಒಂಬತ್ತನೆಯ ತರಗತಿಗೆ ಹಳೆಯ ಗ್ರೀಕರ ಲೋಕದ ಪಾಠ. ಭೂಮಿ ನಟ್ಟನಡುವೆ ನಿಂತಿದೆ, ಕಲ್ಲಿಗೆ ಅದೇ ಮನೆ, ಆದ್ದರಿಂದ ಅಲ್ಲಿಗೇ ಬೀಳುತ್ತದೆ. ಏನಾದರೂ ಸಾಗುತ್ತಿದ್ದರೆ ಅದನ್ನು ಯಾರೋ ತಳ್ಳುತ್ತಲೇ ಇರಬೇಕು. ಇಷ್ಟು ಬರೆದು, ಇದೆಲ್ಲ ತಪ್ಪು ಎಂದು ಹಲಗೆ ಒರೆಸಿದೆ. ಒರೆಸುವುದೆಂದರೆ ನನಗೆಷ್ಟು ಖುಷಿ, ನಿನಗೆ ಗೊತ್ತೇ ಇದೆ. ನಮ್ಮ ಓಣಿಯ ಶರೀಫಾಬಿಯ ಮೊಮ್ಮಗಳು ಮುಬಶಿರಾ ಎದ್ದು ನಿಂತಳು. "ಭೂಮಿ ನಡುವ ಇಲ್ಲಂದ್ರ ಕಲ್ಲು ಇಲ್ಲೇ ಯಾಕ ಬೀಳಬೇಕ್ರಿ ಸರ? ಭೂಮಿ ತಿರಗತೈತಿ ಅಂದ್ರ ಅದನ್ನ ತಳ್ಳಾವ್ರು ಯಾರ್ರೀ?" ಉತ್ತರ ಮುಂದಿನ ಪಾಠದಲ್ಲಿದೆ. ಆದರೆ ಗ್ರೀಕರ ಮಾತನ್ನು ಮೊದಲು ಒರೆಸಿದ ವಿಜ್ಞಾನಿಗಳಿಗೆ ನೂರು ವರ್ಷಕ್ಕೂ ಮೇಲೆ ಪೂರ್ತಿ ಉತ್ತರ ಸಿಕ್ಕಿರಲಿಲ್ಲ ಎಂದು ನಿಜ ಹೇಳಿದೆ. "ಉತ್ತರ ಇಲ್ದ ಹಳೇದನ್ನ ಯಾಕ ಒರಸಿದ್ರೀ?" ಎಂದಳು.

ಒಂದಕ್ಕಾದರೂ ಉತ್ತರ ತೋರಿಸೋಣವೆಂದು ಸಂಜೆ ಐದಾರು ಹುಡುಗಿಯರನ್ನು ಮನೆಗೆ ಕರೆತಂದೆ. ನಾನು ಮಲಗಿ ಬೆಳೆದ ಬಣ್ಣದ ತೊಟ್ಟಿಲನ್ನು ಅವ್ವ ಅಟ್ಟದಿಂದ ಇಳಿಸಿ ಪಡಸಾಲೆಯಲ್ಲಿ ಕಟ್ಟಿಸಿದ್ದಾಳಲ್ಲ, ಅದನ್ನು ಒಂದು ಸಲ ತಳ್ಳಿ ಕೈ ತೆಗೆದೆ. ನೋಡಿ, ಯಾರೂ ತಳ್ಳುತ್ತಿಲ್ಲ, ಆದರೂ ತೂಗುತ್ತಿದೆ ಎಂದೆ. ಅವ್ವ ಅಡಿಗೆಮನೆಯಿಂದ ಓಡಿಬಂದು ತೊಟ್ಟಿಲು ಹಿಡಿದು ನಿಲ್ಲಿಸಿದಳು. "ಖಾಲಿ ತೊಟ್ಟಲಾ ತೂಗತಾರೇನಲೇ? ಹೊಟ್ಯಾಗಿನ ಕೂಸಿಗೆ ಕೇಡು!" ಹುಡುಗಿಯರ ಎದುರಿಗೇ ನಾನು ನಕ್ಕೆ. "ತೊಟ್ಟಲಾ ಸಂಶ್ಯಾಗ, ಹೊಟ್ಟಿ ಕಲಘಟಗ್ಯಾಗ. ಏನ ಸಂಬಂಧ ಬೇ?" ತೊಟ್ಟಿಲು ಬರಿದಾಗಿರಬಾರದೆಂದು ಅವ್ವ ರುಬ್ಬುವ ಒಳಕಲ್ಲಿನ ಗುಂಡಕಲ್ಲನ್ನು ತಂದು ಅದರಲ್ಲಿಟ್ಟಳು. ನಾನು ಅದನ್ನೂ ತೆಗೆದು ಅಡಿಗೆಮನೆಗೆ ಹಾಕಿದೆ.

ಶನಿವಾರದಿಂದಲೇ ಕೂಸು ಮಂಕಾಗಿದೆ ಎನ್ನುತ್ತೀ. ಎರಡಕ್ಕೂ ನಂಟಿಲ್ಲ, ಹದಿನಾಲ್ಕು ವರ್ಷ ವಿಜ್ಞಾನ ಕಲಿಸಿದವನು ನಾನು, ಇದು ಗೊತ್ತು. ಗೊತ್ತಿದ್ದೂ ಹೆದರಿಕೆ ಹೋಗುತ್ತಿಲ್ಲ, ಸುನೀ. ಅವ್ವನ ನಂಬಿಕೆ ಒರೆಸಿದೆ, ಆ ಜಾಗದಲ್ಲಿ ಬರೆಯಲು ನನ್ನ ಹತ್ತಿರ ಏನೂ ಇಲ್ಲ. ಅಟ್ಟ ಹತ್ತಿ ನಾನೇ ಏಣಿ ಒದ್ದ ಹಾಗಾಗಿದೆ. ಅವ್ವ ಒಂದು ಮಾತೂ ಆಡಿ ತೋರಿಸಿಲ್ಲ. "ಸುನಿತಾನ ಫೋನ್ ಬಂತೇನು?" ಎಂದಷ್ಟೇ ದಿನಕ್ಕೆ ಹತ್ತು ಸಲ ಕೇಳುತ್ತಾಳೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಅತ್ತೆ ಮಾವನವರಿಗೆ ನನ್ನ ನಮಸ್ಕಾರ ಹೇಳು. ನಿನಗೂ ಕೂಸಿಗೂ ಅವ್ವನ ಆಶೀರ್ವಾದಗಳು. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ
ಕಾಶಿನಾಥ

ತಾ.ಕ.: ಬಸ್ಸು ತಪ್ಪುತ್ತದೆಂದು ಕಾಕಾ ಬಾಗಿಲಲ್ಲಿ ಅವಸರ ಮಾಡುತ್ತಿದ್ದಾರೆ. ಬೆಳಿಗ್ಗೆ ಅವ್ವ ಹಿತ್ತಲಲ್ಲಿದ್ದಾಗ ನಾನೇ ಗುಂಡಕಲ್ಲು ತಂದು, ಕೂಸಿನ ಕುಂಚಿಗೆಯನ್ನು ಅದಕ್ಕೆ ಹೊದಿಸಿ, ತೊಟ್ಟಿಲಲ್ಲಿ ಮಲಗಿಸಿದೆ. ಅವ್ವ ನೋಡಿಯೂ ನೋಡದವಳಂತೆ ಒಳಗೆ ಹೋದಳು. ಹತ್ತು ಒದೆತ ಆಗಲಿ ಎಂದು ಕಾಯಬೇಡ ಸುನೀ. ಒಂದು ಸಲ ಒದ್ದರೂ ಸಾಕು, ಕೂಡಲೇ ಫೋನ್ ಮಾಡು.