ನಮ್ಮ ಟವೆಲ್‌ಗಳನ್ನು ಎತ್ತಿಸಿದ ಅಧಿಕಾರಿಗೆ

ಸಾರ್ವಜನಿಕ ಈಜುಕೊಳದ ಆಡಳಿತಾಧಿಕಾರಿಗಳಿಗೆ

ಮಾನ್ಯರೇ,

ಕಳೆದ ತಿಂಗಳ ಕೊನೆಯ ಮಂಗಳವಾರ ಬೆಳಿಗ್ಗೆ, ಮಹಿಳೆಯರಿಗೆ ಮೀಸಲಾದ ಅವಧಿಯಲ್ಲಿ, ನಾವು ನೀರಿನಲ್ಲಿದ್ದಾಗ ನಮ್ಮ ಟವೆಲ್‌ಗಳನ್ನೆಲ್ಲ ಎತ್ತಿಸಿ ನಿಮ್ಮ ಕಚೇರಿಯಲ್ಲಿ ಬೀಗ ಹಾಕಿ ಇಡಿಸಿದವರು ನೀವು. ಮರುದಿನ ನಿಮ್ಮ ಪ್ರಕಟಣೆ ಬಂತು: 'ಅನಧಿಕೃತ ವಸ್ತುಗಳನ್ನು ತೆರವುಗೊಳಿಸಲಾಯಿತು, ಸಿಬ್ಬಂದಿಯ ಕರ್ತವ್ಯಕ್ಕೆ ಅಡ್ಡಿಪಡಿಸಲಾದ ಕಾರಣ ಮಹಿಳಾ ಅವಧಿಯನ್ನು ಸ್ಥಗಿತಗೊಳಿಸಲಾಗಿದೆ.' ನಾನು ಕೆಲಸದಲ್ಲಿದ್ದಷ್ಟು ಕಾಲವೂ ನ್ಯಾಯಾಲಯದಲ್ಲಿ ಶೀಘ್ರಲಿಪಿಗಾರ್ತಿಯಾಗಿದ್ದವಳು. ಮಾಡಿದವರು ಯಾರು ಎಂದು ಹೇಳದೆ ಮುಗಿಯುವ ವಾಕ್ಯಗಳು ನನಗೆ ಹೊಸವಲ್ಲ. ಆದ್ದರಿಂದ ಈ ಪತ್ರದಲ್ಲಿ ಮಾಡಿದವರನ್ನು ಮೊದಲೇ ಹೇಳಿಬಿಡುತ್ತೇನೆ. ತೆರವು ತಾನಾಗಿ ಆಗಲಿಲ್ಲ. ಮಾಡಿಸಿದ್ದು ನೀವು.

ಟವೆಲ್ ಎಂಬ ಅನಧಿಕೃತ ವಸ್ತು ಅಲ್ಲಿಗೆ ಹೇಗೆ ಬಂತು ಎಂಬುದು ಕೊಳಕ್ಕೆ ಬಾರದವರಿಗೂ ತಿಳಿಯಲಿ. ಕೊಳದ ಉದ್ದನೆಯ ಒಂದು ಪಕ್ಕ ಪೂರ್ತಿ ಗಾಜು. ಗಾಜಿನ ಆಚೆ ಕ್ಯಾಂಟೀನು. ನಿಮಗಿಂತ ಹಿಂದೆ ಆ ಕುರ್ಚಿಯಲ್ಲಿದ್ದವರೊಬ್ಬರು ಆ ಗಾಜಿಗೆ ಎತ್ತರದವರೆಗೂ ಬಿಳಿ ಬಣ್ಣ ಬಳಿಸಿದ್ದರು. ಈ ವರ್ಷ ನಡೆದ ಸೌಂದರ್ಯೀಕರಣದಲ್ಲಿ ನೀವು ಆ ಬಣ್ಣ ಕೆರೆಸಿದಿರಿ. ಕ್ಯಾಂಟೀನಿನ ಕುರ್ಚಿಗಳನ್ನು ನೀರಿಗೆ ಮುಖ ಮಾಡಿ ತಿರುಗಿಸಿದಿರಿ. ಯಾರಿಗೋ ಆ ನೋಟ ಬೇಕಿತ್ತು. ಆ ನೋಟದಲ್ಲಿ ನಾವಿದ್ದೆವು.

ಪರದೆ ಹಾಕಿಸಿ ಎಂದು ಕೇಳಿಕೊಂಡೆವು. ಪರಿಶೀಲಿಸುತ್ತೇವೆ ಎಂದಿರಿ. ನೀವು ಪರಿಶೀಲಿಸುತ್ತಿದ್ದಷ್ಟು ದಿನ ನಾವು ಒದ್ದೆ ಬಟ್ಟೆಯಲ್ಲಿ ಗಾಜಿನ ಉದ್ದಕ್ಕೂ ನಡೆಯಬೇಕಿತ್ತು, ಏಕೆಂದರೆ ನೀರಿನಿಂದ ಬಟ್ಟೆ ಬದಲಿಸುವ ಕೋಣೆಗೆ ಬೇರೆ ದಾರಿಯಿಲ್ಲ. ಹಾಗಾಗಿ ನಾವೇ ಒಂದು ಪದ್ಧತಿ ಮಾಡಿಕೊಂಡೆವು. ನೀರಿಗಿಳಿಯುವ ಮೊದಲು ಪ್ರತಿಯೊಬ್ಬಳೂ ತನ್ನ ಟವೆಲ್ಲನ್ನು ಗಾಜಿನ ಮುಂದಿನ ಕಂಬಿಯ ಮೇಲೆ ಹರಡಬೇಕು. ಮೊದಲು ಹೊರಬರುವವಳು ತನ್ನದನ್ನೇ ಹುಡುಕುವಂತಿಲ್ಲ. ಅಂಚಿನಲ್ಲಿರುವುದನ್ನು ಸುತ್ತಿಕೊಂಡು ಹೋಗಬೇಕು. ನೀರಿನಿಂದ ಮೇಲೆ ಹತ್ತುವ ಏಣಿಯ ಎದುರಿನವು ಕಡೆಯ ಹೆಂಗಸು ಹೊರಬರುವ ತನಕ ಕದಲಬಾರದು. ಯಾರ ಟವೆಲ್ ಯಾರ ಮನೆಯ ಹಗ್ಗದ ಮೇಲೆ ಒಣಗುತ್ತಿತ್ತೋ ದೇವರಿಗೇ ಗೊತ್ತು. 'ಗಂಡನ್ನ ಬಿಟ್ಟು ಮಿಕ್ಕಿದ್ದೆಲ್ಲ ಅದಲುಬದಲು ಆಗಿದೆ ಕಣ್ರೇ' ಎಂದು ಒಬ್ಬಳು ನಗಿಸುತ್ತಿದ್ದಳು. ಕಚೇರಿಯ ಹಂಗಿಲ್ಲದೆ ನಡೆದುಕೊಂಡು ಹೋಗುತ್ತಿದ್ದ ವ್ಯವಸ್ಥೆ ಅದು. ಬಹುಶಃ ಅದೇ ಅದರ ದೊಡ್ಡ ತಪ್ಪು.

ಈಗ ನನ್ನ ಅಕ್ಕನ ವಿಷಯ. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. 'ಹೆಸರು ಹಾಕ್ಬೇಡ, ಮಿಕ್ಕಿದ್ದೆಲ್ಲ ಹಾಕು' ಎಂದಿದ್ದಾಳೆ.

ಅಕ್ಕ ಹೆಂಗಸರ ಬಟ್ಟೆ ಹೊಲಿಯುವವಳು. ಈ ಊರಿನ ಅರ್ಧದಷ್ಟು ಹೆಂಗಸರ ಮೈಯಳತೆ ಅವಳಿಗೆ ಗೊತ್ತು. ಯಾರ ಭುಜ ಒಂದು ಕಡೆ ಇಳಿದಿದೆ, ಯಾರು ಯಾವ ಗುರುತನ್ನು ತೋಳಿನ ಅಂಚಿನಲ್ಲಿ ಅಡಗಿಸಲು ಬಯಸುತ್ತಾರೆ, ಎಲ್ಲವೂ ಗೊತ್ತು. ಒಬ್ಬರದನ್ನು ಇನ್ನೊಬ್ಬರ ಮುಂದೆ ಆಡಿದವಳಲ್ಲ; ನನ್ನ ಮುಂದೆಯೂ ಆಡಿಲ್ಲ. ಎರಡು ವರ್ಷದ ಹಿಂದೆ ಅವಳ ಬಲ ಎದೆಯನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆದರು. ಪ್ರಾಣ ಉಳಿಯಿತು, ಬಲಗೈ ಭುಜದಿಂದ ಮೇಲೇಳುವುದು ನಿಂತಿತು. ಕತ್ತರಿ ಹಿಡಿಯುವ ಕೈ ಅದು. ನೀರಿನಲ್ಲಿ ಆಡಿಸಿದರೆ ಮಾತ್ರ ಸಡಿಲವಾಗುತ್ತದೆ, ಬಿಟ್ಟರೆ ಮತ್ತೆ ಬಿಗಿಯುತ್ತದೆ ಎಂದು ವೈದ್ಯೆ ಹೇಳಿದರು. ಅಕ್ಕ ಒಪ್ಪಲು ಬಹಳ ಕಾಲ ಹಿಡಿಯಿತು. ಕಡೆಗೆ ಕುತ್ತಿಗೆಯವರೆಗೂ ಮುಚ್ಚುವ ಈಜುಡುಪನ್ನು ತಾನೇ ಹೊಲಿದುಕೊಂಡಳು. ಮಹಿಳೆಯರ ಅವಧಿಗೆ ಮಾತ್ರ ಬರುತ್ತೇನೆ, ಗಾಜು ಮುಚ್ಚಿದ್ದರೆ ಮಾತ್ರ ಇಳಿಯುತ್ತೇನೆ ಎಂದಳು. ನೀರು ಬಟ್ಟೆಯನ್ನು ಮೈಗೆ ಅಂಟಿಸುತ್ತದೆ, ಮಾನ್ಯರೇ. ಎಷ್ಟು ಚೆನ್ನಾಗಿ ಹೊಲಿದ ಬಟ್ಟೆಯೂ ಒದ್ದೆಯಾದ ಮೇಲೆ ಏನನ್ನೂ ಮುಚ್ಚಿಡುವುದಿಲ್ಲ.

ಬಂದಳು. ಹೆದರುತ್ತಲೇ ಇಳಿದಳು. ತೇಲುವುದನ್ನು ಕಲಿತಳು. ಆ ಮಂಗಳವಾರದ ಹೊತ್ತಿಗೆ ಅವಳ ಬಲಗೈ ನೀರಿನಲ್ಲಿ ಕಿವಿಯವರೆಗೂ ಏಳುತ್ತಿತ್ತು. 'ನೋಡೇ, ನೋಡೇ' ಎಂದು ಚಿಕ್ಕ ಹುಡುಗಿಯ ಹಾಗೆ ಕೂಗಿ ತೋರಿಸುತ್ತಿದ್ದಳು.

ಅದೇ ದಿನ ನೀವು ನಿಮ್ಮ ಅತಿಥಿಗಳಿಗೆ ಹೊಸ ಕ್ಯಾಂಟೀನು ತೋರಿಸಲು ಬಂದಿರಿ. ನಾವು ಆಳದ ಕಡೆಗಿದ್ದೆವು. ನಿಮ್ಮ ಸಹಾಯಕಿ ಒಳಗೆ ಬಂದು ಏಣಿಯ ಕಡೆಯಿಂದಲೇ ಟವೆಲ್‌ಗಳನ್ನು ಎಳೆದು ತೋಳಿಗೆ ಹಾಕಿಕೊಳ್ಳತೊಡಗಿದಳು.

'ಏನಮ್ಮಾ ಮಾಡ್ತಿದ್ದೀಯ?' ಎಂದು ಕೂಗಿದೆ.

'ನನ್ನನ್ನ ಬೈಬೇಡಿ ಮೇಡಂ. ಗಾಜು ಕ್ಲೀನಾಗಿ ಕಾಣ್ಬೇಕಂತೆ. ಸಾಹೇಬ್ರು ಆಚೆ ನಿಂತವ್ರೆ.'

'ನಾವು ಹೊರಗೆ ಬರೋವರೆಗಾದ್ರೂ ತಡಿ!'

'ಈಗ್ಲೇ ಅಂದ್ರು ಮೇಡಂ. ನನ್ ಕೆಲಸ ಹೋಗತ್ತೆ.'

ಅವಳ ಮುಖದಲ್ಲಿ ಅಳು ಇತ್ತು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಕೊನೆಯ ಟವೆಲ್ ಕಂಬಿಯಿಂದ ಇಳಿದಾಗ ನಮಗೆ ನಮ್ಮ ಪದ್ಧತಿಯ ದೋಷ ಹೊಳೆಯಿತು. ಮೈ ಮುಚ್ಚಿಕೊಳ್ಳಲು ಇದ್ದದ್ದನ್ನೆಲ್ಲ ನಾವು ಗಾಜು ಮುಚ್ಚಲು ಕೊಟ್ಟುಬಿಟ್ಟಿದ್ದೆವು. ಪರದೆಯೂ ಹೋಯಿತು, ಟವೆಲ್ಲೂ ಹೋಯಿತು. ಗಾಜಿನ ಆಚೆ ನೀವು ನಿಮ್ಮ ಅತಿಥಿಗಳೊಂದಿಗೆ ಕುರ್ಚಿ ಎಳೆದು ಕೂತಿರಿ.

ಯಾರೂ ಹೊರಗೆ ಬರಲಿಲ್ಲ. ಎಲ್ಲರೂ ಗಲ್ಲದವರೆಗೂ ನೀರಿನಲ್ಲಿ ಮುಳುಗಿ ಗೋಡೆ ಹಿಡಿದುಕೊಂಡೆವು. ನಿಮ್ಮ ಸಿಬ್ಬಂದಿ ಅವಧಿ ಮುಗಿದ ಸೀಟಿ ಊದಿದರು. ಮತ್ತೆ ಊದಿದರು. ಅಕ್ಕ ಗಾಜಿಗೆ ಬೆನ್ನು ಮಾಡಿ, ಎಡಗೈಯನ್ನು ಎದೆಗೆ ಅಡ್ಡ ಹಿಡಿದು, ಬಲಗೈಯಲ್ಲಿ ಗೋಡೆ ಹಿಡಿದುಕೊಂಡು ನಿಂತಿದ್ದಳು.

'ನೀನು ಹೋಗೇ. ಅವರೆಲ್ಲ ಹೋದ್ಮೇಲೆ ನಾನು ಬರ್ತೀನಿ.'

'ಅವರು ಹೋಗೋ ಹಾಗೆ ಕಾಣಲ್ಲ ಅಕ್ಕ. ಕಾಫಿ ಈಗಷ್ಟೇ ಬಂತು.'

ಅವಳು ನಗಲು ನೋಡಿದಳು. ಹಲ್ಲು ಕಟಕಟ ಎನ್ನುತ್ತಿದ್ದವು. ಚಲಿಸದೆ ನಿಂತರೆ ಆ ನೀರು ಎಷ್ಟು ತಣ್ಣಗಿರುತ್ತದೆ ಎಂಬುದು ದಡದಲ್ಲಿರುವವರಿಗೆ ಗೊತ್ತಾಗುವುದಿಲ್ಲ. ಅವಳ ತುಟಿ ಬಣ್ಣಗೆಟ್ಟಿತು. ಆಮೇಲೆ ಬಲಗೈ ಸೆಟೆದುಕೊಂಡಿತು. 'ಕೈ ಹಿಡ್ಕೊಂಬಿಡ್ತು' ಎಂದಳು, ಅಷ್ಟೇ. ಗೋಡೆಯಿಂದ ಜಾರಿ ಅವಳ ಮುಖ ನೀರಿನೊಳಕ್ಕೆ ಹೋಯಿತು. ಇಬ್ಬರು ಸೇರಿ ಅವಳನ್ನು ಎತ್ತಿ ಹಿಡಿದೆವು. ಅವಳು ಕೆಮ್ಮುತ್ತಲೇ ತಲೆ ಅಲ್ಲಾಡಿಸುತ್ತಿದ್ದಳು: 'ಬೇಡ, ಹೊರಗೆ ಬೇಡ, ಅವರಿದ್ದಾರೆ.' ಉಸಿರಿಗಾಗಿ ಒದ್ದಾಡುತ್ತಿರುವ ಹೆಂಗಸು ಉಸಿರಿಗಿಂತ ಮೊದಲು ಲೆಕ್ಕಕ್ಕೆ ತೆಗೆದುಕೊಂಡದ್ದು ನಿಮ್ಮ ಕುರ್ಚಿಗಳನ್ನು.

ಆಗ ಏಣಿ ಹತ್ತಿದವಳು ನಮ್ಮ ತಿಮಿಂಗಿಲ. ಅಂಚೆ ಕಚೇರಿಯ ಗುಮಾಸ್ತೆ. ಆ ಅಡ್ಡಹೆಸರು ಶಾಲೆಯಲ್ಲಿ ಯಾರೋ ಇಟ್ಟದ್ದು. ಇನ್ನೊಬ್ಬರು ಕರೆಯುವ ಮೊದಲು ತಾನೇ ಕರೆದುಕೊಂಡರೆ ನೋವು ಕಡಿಮೆ ಎಂದು ಅವಳೇ ಉಳಿಸಿಕೊಂಡಿದ್ದಾಳೆ. ಯಾರೂ ನೋಡಬಾರದೆಂದು ಎಲ್ಲರಿಗಿಂತ ಮೊದಲು ನೀರಿಗಿಳಿದು, ಎಲ್ಲರೂ ಹೋದ ಮೇಲೆ ಹೊರಬರುವವಳು. ಅವಳು ಮೇಲೆ ಬಂದು, ಏಣಿಗೂ ಗಾಜಿಗೂ ನಡುವೆ, ನಿಮ್ಮ ಕಡೆ ಬೆನ್ನು ಮಾಡಿ, ಕೈಗಳನ್ನು ಅಗಲಿಸಿ ನಿಂತಳು.

'ನಾನೊಬ್ಬಳೇ ನಾಲ್ಕು ಟವೆಲ್‌ಗೆ ಸಮ ಕಣ್ರೇ! ಬನ್ನಿ ಬೇಗ, ನಂಗೂ ಚಳಿ!'

ಅವಳ ಪಕ್ಕ ಇನ್ನೊಬ್ಬಳು ನಿಂತಳು, ಅವಳ ಪಕ್ಕ ಮತ್ತೊಬ್ಬಳು. ಹೆಂಗಸರ ಗೋಡೆಯ ಹಿಂದೆ ಅಕ್ಕನನ್ನು ಎತ್ತಿಕೊಂಡು ಹೋದೆವು. ನಿಮ್ಮ ಪ್ರಕಟಣೆಯ 'ಅಡ್ಡಿ' ಇದೇ ತಾನೇ? ಹೌದು, ಅಡ್ಡಿಪಡಿಸಿದೆವು. ನಾನು ಕೊನೆಯಲ್ಲಿ ತಿರುಗಿ ನೋಡಿದಾಗ ನಿಮ್ಮ ಅತಿಥಿಯೊಬ್ಬರ ಕೈಯಲ್ಲಿ ಫೋನು ಮೇಲೆದ್ದಿತ್ತು, ಕಣ್ಣಿನ ಮಟ್ಟಕ್ಕೆ. ತಿಮಿಂಗಿಲದ ಬೆನ್ನು ಅದರಲ್ಲಿ ಇದೆಯೇ ಇಲ್ಲವೇ ಎಂದು ಯೋಚಿಸದೆ ಅವಳು ಒಂದು ದಿನವೂ ಕಳೆದಿಲ್ಲ.

ಮರುದಿನ ನಿಮ್ಮ ಕಚೇರಿಗೆ ಬಂದೆ. 'ಅಷ್ಟು ನಾಚಿಕೆ ಇರೋರು ಈಜುಕೊಳಕ್ಕೆ ಯಾಕಮ್ಮಾ ಬರ್ಬೇಕು?' ಎಂದು ಕೇಳಿದಿರಿ. ಆ ಪ್ರಶ್ನೆ ನನಗೆ ಹಳೆಯದು. ನಾವಿಬ್ಬರೂ ಚಿಕ್ಕವರಿದ್ದಾಗ ಅಮ್ಮ ನಮ್ಮನ್ನು ಇದೇ ಕೊಳಕ್ಕೆ ಕರೆತಂದು, ನಮ್ಮ ಬಟ್ಟೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂರುತ್ತಿದ್ದಳು. ನೀನೂ ಬಾರಮ್ಮ ಎಂದರೆ 'ನಂಗೆ ಕಾಲು ಅದ್ದಿದ್ದೇ ಸಾಕು' ಎನ್ನುತ್ತಿದ್ದಳು. ಆಗ ಮಹಿಳೆಯರ ಅವಧಿ ಇರಲಿಲ್ಲ. ಬೇಕೆಂದು ಕೇಳಿದವರಿಗೆ ಅಂದಿನ ಅಧಿಕಾರಿ, ಹೆಂಗಸರು ಈಜುವುದೇ ಇಲ್ಲವಲ್ಲ, ಅವಧಿ ಯಾಕೆ ಎಂದಿದ್ದರು. ಬಾಗಿಲು ಮುಚ್ಚಿಟ್ಟು, ಒಳಗೆ ಯಾರೂ ಬರುತ್ತಿಲ್ಲ ಎಂದು ತೋರಿಸುವ ಜಾಣತನ ಅದು. ಅವಧಿ ಸಿಗುವ ಹೊತ್ತಿಗೆ ಅಮ್ಮ ಇರಲಿಲ್ಲ. ಅವಳು ಬದುಕಿಡೀ ಕಾಲಷ್ಟೇ ಅದ್ದಿ ಹೋದಳು.

ನಾಚಿಕೆ ಅವರದು, ಪರಿಹಾರವನ್ನೂ ಅವರೇ ಹುಡುಕಿಕೊಳ್ಳಲಿ ಎಂಬುದು ನಿಮ್ಮ ವಾದ. ಒಂದು ಮಾತು ಸ್ಪಷ್ಟಪಡಿಸುತ್ತೇನೆ: ನನಗೆ ಆ ಪರದೆ ಬೇಕಿಲ್ಲ. ನಾನು ಗಂಡಸರೂ ಇರುವ ಅವಧಿಯಲ್ಲೂ ಈಜುತ್ತೇನೆ. ನೋಡುವವರು ನೋಡಲಿ, ನನ್ನ ವಯಸ್ಸಿಗೆ ಅದೊಂದು ಮರ್ಯಾದೆಯೇ. ಆದರೆ ನನಗಿಲ್ಲದ ಸಂಕೋಚ ಇನ್ನೊಬ್ಬಳಿಗೂ ಇರಬಾರದು ಎನ್ನಲು ನಾನು ಯಾರು? ಅಕ್ಕನಿಗೆ ಹುಟ್ಟಿನಿಂದ ತನ್ನ ಮೈ ಬಗ್ಗೆ ನಾಚಿಕೆ ಇರಲಿಲ್ಲ. ನೋಡುವ ಕಣ್ಣುಗಳು ಕಲಿಸಿದ್ದು ಅದು. ಕಣ್ಣುಗಳಿಗೆ ಕುರ್ಚಿ ಹಾಕಿ ಕೂರಿಸಿದವರು, ಕಣ್ಣು ತಪ್ಪಿಸುವವರನ್ನು ಯಾಕೆ ಬಂದಿರಿ ಎಂದು ಕೇಳುವುದೇ?

ಇನ್ನೊಂದು ವಿಷಯ ಗಮನಿಸಿದೆ. ನಿಮ್ಮ ಕೋಣೆಯ ಬಾಗಿಲಿಗೆ ಆಚೆ ಕಾಣದ ಮಂಜುಗಾಜು. ಕಿಟಕಿಗೆ ದಪ್ಪನೆಯ ಪರದೆ. ಹಗಲಲ್ಲೂ ಯಾಕೆ ಎಳೆದಿದ್ದೀರಿ ಎಂದು ಹೊರಗೆ ನಿಮ್ಮ ಗುಮಾಸ್ತನನ್ನು ಕೇಳಿದೆ. 'ಸಾಹೇಬ್ರು ಊಟ ಮಾಡ್ತಿರ್ತಾರೆ ಮೇಡಂ. ಹೋಗೋರು ಬರೋರು ನೋಡ್ತಿದ್ರೆ ಅವರಿಗೆ ಒಂಥರಾ ಆಗತ್ತೆ' ಎಂದ.

ಒಂಥರಾ ಆಗುತ್ತದೆ, ಮಾನ್ಯರೇ. ನಿಜ. ನಮಗೂ ಅಷ್ಟೇ. ನೀವು ಉಣ್ಣುವಾಗ ಬೇಕಾದ ಮರೆ, ಗಾಯದ ಮೈಯೊಂದು ನೀರಿನಿಂದ ಏಳುವಾಗ ಯಾಕೆ ಬೇಡ?

ಅಕ್ಕ ಅಂದಿನಿಂದ ಕೊಳದ ಬೀದಿಯಲ್ಲೂ ನಡೆದಿಲ್ಲ. ಕೈ ಮತ್ತೆ ಬಿಗಿಯುತ್ತಿದೆ. ಮೊನ್ನೆ ಕತ್ತರಿಸುವ ಮೇಜಿನ ಮುಂದೆ ನಿಂತು, ಎಡಗೈಯಿಂದ ಬಲಗೈಯನ್ನು ಎತ್ತಿ ಬಟ್ಟೆಯ ಮೇಲೆ ಇಡುತ್ತಿದ್ದಳು, ಯಾರದೋ ವಸ್ತುವನ್ನು ಎತ್ತಿಡುವಂತೆ. 'ನನ್ನಿಂದ ಎಲ್ಲರ ಅವಧಿ ಹೋಯ್ತಲ್ಲೇ' ಎಂದಳು. ಅವಳಿಂದಲ್ಲ ಎಂದು ನಾನು ಹೇಳಿದರೆ ಸಾಲದು. ನೀವು ಹೇಳಬೇಕು.

ಮಿಕ್ಕವರ ಟವೆಲ್‌ಗಳು ವಾಪಸ್ ಬಂದಿವೆ. ಅಕ್ಕನದು ಇನ್ನೂ ನಿಮ್ಮ ಕಚೇರಿಯಲ್ಲಿದೆ. ಒಡತಿಯೇ ಖುದ್ದಾಗಿ ಬಂದು ಗುರುತಿಸಬೇಕಂತೆ. ಅವಳು ಬರುವುದಿಲ್ಲ. ಇಟ್ಟುಕೊಳ್ಳಿ. ನಮಗೆ ಬೇಕಾದದ್ದು ಬೇರೆ. ಮಹಿಳೆಯರ ಅವಧಿಯನ್ನು ಮತ್ತೆ ಆರಂಭಿಸಿ, ಆ ಹೊತ್ತಿನಲ್ಲಿ ಗಾಜು ಮುಚ್ಚಿಸಿ. ಟವೆಲ್ ಎತ್ತಿಸಿದ್ದು ಯಾರಿಗಾಗಿ, ಆ ಫೋನಿನಲ್ಲಿ ಸೆರೆಯಾದದ್ದು ಈಗ ಎಲ್ಲಿದೆ ಎಂಬುದಕ್ಕೆ ಎಲ್ಲರೆದುರು ಉತ್ತರ ಕೊಡಿ. ನನ್ನ ಮನೆಗೆ ಲಕೋಟೆ ಕಳಿಸಬೇಡಿ. ಉತ್ತರವನ್ನು ದೊಡ್ಡ ಹಾಳೆಯಲ್ಲಿ, ದಪ್ಪ ಅಕ್ಷರಗಳಲ್ಲಿ ಬರೆಸಿ, ಏಣಿಯ ಎದುರಿನ ಆ ಗಾಜಿಗೇ ಅಂಟಿಸಿ. ಹಾಳೆ ಎಷ್ಟು ದೊಡ್ಡದಿದ್ದರೆ ಅಷ್ಟು ಒಳ್ಳೆಯದು. ಅಷ್ಟಾದರೂ ಮುಚ್ಚಲಿ.

ಇಂತಿ,
ಅಕ್ಕನ ಕೈ ಪೂರ್ತಿ ಬಿಗಿಯುವ ಮೊದಲು ಉತ್ತರ ಬರಬಹುದೆಂದು ನಂಬಲು ಯತ್ನಿಸುತ್ತಿರುವ,
ಮೆಟ್ಟಿಲ ಮೇಲೆ ಕಾಲು ಅದ್ದಿ ಕೂತವಳ ಕಿರಿಮಗಳು