ಬಾರದವಳು ಬಂದ ಪುಟ

ಕಪಂದೆ, ದೆಡ್ಜಾ
೧೨ ಮೇ ೧೯೯೯, ಬುಧವಾರ

ಪ್ರೀತಿಯ ತಿಯಮಿಕೆ ಅಕ್ಕಾ,

ಅಮ್ಮನ ಹೊಸ ಪುಸ್ತಕದ ಕೊನೆಯ ಪುಟದಲ್ಲಿ ಒಂದು ಸುಳ್ಳು ಅಚ್ಚಾಗಿದೆ. ಅದು ನಿನ್ನ ಬಗೆಗಿನ ಸುಳ್ಳು. ಆ ಪುಟದಲ್ಲಿ ನೀನು ಜೋಹಾನ್ಸ್‌ಬರ್ಗಿನಿಂದ ವಾಪಸು ಬಂದಿದ್ದೀಯ, ಚರ್ಚಿನ ನಡುದಾರಿಯಲ್ಲಿ ಮೊಣಕಾಲೂರಿ ತಪ್ಪಾಯಿತು ಎಂದಿದ್ದೀಯ, ಬಿಳಿ ರವಿಕೆ ತೊಟ್ಟ ಚರ್ಚಿನ ಮಹಿಳಾ ಸಂಘದವರೆಲ್ಲ ನಿನ್ನನ್ನು ಅಪ್ಪಿಕೊಂಡು ಹಾಡಿದ್ದಾರೆ. ಒಬ್ಬಳೇ ಬಂದಿದ್ದೀಯ. ನಿನ್ನ ಮಗು ಆ ಪುಸ್ತಕದಲ್ಲಿ ಎಲ್ಲೂ ಇಲ್ಲ.

ಕ್ಷೇಮ ಕೇಳುವ ಮೊದಲೇ ಇದನ್ನು ಬರೆದುಬಿಟ್ಟೆ, ಬೇಜಾರು ಮಾಡಿಕೊಳ್ಳಬೇಡ. ಹೇಗಿದ್ದೀಯ? ನೀನು ಕೆಲಸಕ್ಕಿರುವ ಮನೆಯ ಒಡತಿ ಈಗಲಾದರೂ ಭಾನುವಾರ ರಜೆ ಕೊಡುತ್ತಾಳಾ? ಚಳಿಗೆ ನಿನ್ನ ಕೈಬೆರಳು ಊದಿಕೊಳ್ಳುತ್ತಿತ್ತು, ಅಲ್ಲಿ ಇನ್ನೂ ಹೆಚ್ಚು ಚಳಿಯಂತೆ. ಮಗು ಗಂಡೋ ಹೆಣ್ಣೋ ಎಂಬುದನ್ನೂ ನಾವು ತಿಳಿಯೆವು. ಜೋಹಾನ್ಸ್‌ಬರ್ಗ್ ಬಸ್ಸಿನ ಚಾಲಕ ಮಯೆಸೊ ಕೈಯಲ್ಲಿ ನೀನು ಕಳಿಸಿದ ಸೋಪು, ಸಕ್ಕರೆ, ಅಮ್ಮನ ಉಣ್ಣೆಯ ಶಾಲು ಎಲ್ಲ ಬಂದವು. ಗಂಟು ಬಿಚ್ಚಿದಾಗಲೆಲ್ಲ ಅಮ್ಮ ಕಾಗದಕ್ಕಾಗಿ ತಡಕಾಡುತ್ತಾಳೆ. ಸೋಪಿನ ಹೊದಿಕೆಯನ್ನೂ ಬಿಡಿಸಿ ನೋಡುತ್ತಾಳೆ. ಆಮೇಲೆ ನನ್ನ ಕಡೆ ತಿರುಗಿ, "ಅವಳಿಗೆ ಪುರುಸೊತ್ತು ಎಲ್ಲಿ ಸಿಗತ್ತೆ ಬಿಡೆ" ಅನ್ನುತ್ತಾಳೆ.

ಅಮ್ಮನಿಗೆ ಗಂಟಲಲ್ಲಿ ಗಡ್ಡೆ. ಲಿಲಾಂಗ್ವೆಯ ದೊಡ್ಡ ಆಸ್ಪತ್ರೆಗೆ ಕರೆದೊಯ್ದಿದ್ದೆ. ವೈದ್ಯರು ಒಳ್ಳೆಯವರು, ನನ್ನನ್ನು ಬದಿಗೆ ಕರೆದು, ಮನೆಯಲ್ಲೇ ಇಟ್ಟುಕೊಂಡು ಇಷ್ಟಪಟ್ಟಿದ್ದನ್ನು ಕೊಡಿ ಎಂದರು. ಇಷ್ಟಪಟ್ಟಿದ್ದು ಇಳಿಯಬೇಕಲ್ಲ. ನ್ಸಿಮಾ ಮುದ್ದೆ ಇಳಿಯದೆ ಒಂದು ತಿಂಗಳಾಯಿತು, ಈಗ ಜೋಳದ ಗಂಜಿ ಮಾತ್ರ. ದನಿ ಇನ್ನೂ ಇದೆ, ಆದರೆ ಸವೆದ ಚಿಟೆಂಜೆ ಬಟ್ಟೆಯ ಹಾಗೆ, ಎಲ್ಲಿ ಹಿಡಿದರೂ ಹರಿಯುತ್ತದೆ. ನಾನು ದೇವರೊಡನೆ ಜಗಳವಾಡುತ್ತಿದ್ದೇನೆ. ಕಥೆ ಹೇಳುವವಳ ಗಂಟಲನ್ನೇ ಯಾಕೆ ಹುಡುಕಿಕೊಂಡೆ ಎಂದು ದಿನಾ ಕೇಳುತ್ತೇನೆ.

ನೀನು ಹೋದ ಮೇಲೆ ಅಮ್ಮನ ಪುಸ್ತಕಗಳು ಎಷ್ಟು ದೂರ ನಡೆದಿವೆ ಎಂಬುದು ನಿನಗೆ ತಿಳಿಯದು. ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ಮಾರುವ ಅದೇ ಚಿಕ್ಕ ಪುಸ್ತಕಗಳು. ಮೊದಲಿನಂತೆಯೇ ಮನೆ ಮನೆಗೆ ಹೋಗಿ, ಜೋಳ ಕುಟ್ಟುವವರ ಜೊತೆ ಒನಕೆ ಹಿಡಿದು, ಅವರ ಬದುಕು ಕೇಳಿ ಬರೆದದ್ದು. ಗಂಡ ಸತ್ತ ದಿನವೇ ಗಂಡನ ಮನೆಯವರು ಪಾತ್ರೆ, ಕೋಳಿ, ಹಾಸಿಗೆ ಎಲ್ಲ ಹೊತ್ತೊಯ್ದ ಜಿಯೋನೆಯ ಕಥೆ ನೆನಪಿದೆಯಾ? ಆ ಪುಸ್ತಕವನ್ನು ಹೋದ ವರ್ಷ ಗಡಿ ಹಳ್ಳಿಯ ಒಬ್ಬ ವಿಧವೆ ಬಾಗಿಲಿಗೆ ಅಡ್ಡ ನಿಂತು, ಸಾಮಾನು ಹೊರಲು ಬಂದ ಭಾವಂದಿರಿಗೆ ಗಟ್ಟಿಯಾಗಿ ಓದಿದಳಂತೆ. ಅರ್ಧ ಪುಸ್ತಕಕ್ಕೇ ಅವರು ಪಾತ್ರೆ ಕೆಳಗಿಟ್ಟು ಹೋದರಂತೆ. "ಇನ್ನರ್ಧ ಕೇಳಿದ್ರೆ ಕೋಳಿನೂ ಕೊಟ್ಟು ಹೋಗ್ತಿದ್ರು" ಅಂತ ಅಮ್ಮ ನಕ್ಕಳು. ನಾನು ಸಂತೆಯಲ್ಲಿ ಎಣ್ಣೆಯಲ್ಲಿ ಕರಿದ ಮಂಡಾಸಿ ಉಂಡೆ ಕಟ್ಟಿಕೊಡುವ ಹಳೆಯ ಕರಪತ್ರಗಳನ್ನು ಎಣ್ಣೆ ಒರೆಸಿ ಓದುತ್ತಾ ಬೆಳೆದವಳು. ಮತದಾನ, ಹಕ್ಕು, ಜನಶಕ್ತಿ ಎಂಬ ದೊಡ್ಡ ಮಾತುಗಳನ್ನೆಲ್ಲ ಅಲ್ಲೇ ಕಲಿತೆ. ಆದರೆ ಒಂದು ಕಥೆ ಒಂದು ಪಾತ್ರೆಯನ್ನು ಉಳಿಸುತ್ತದೆ ಎಂಬುದನ್ನು ಕಲಿತದ್ದು ಅಮ್ಮನಿಂದ.

ನಿನ್ನ ಕಥೆಯನ್ನು ಬರೆಯುತ್ತೇನೆ ಎಂದು ಅವಳು ಹೇಳಿದಾಗ ನನಗೆ ಹೆಮ್ಮೆಯಾಯಿತು. ಮೊದಲ ಪ್ರತಿಯನ್ನು ನಾನೇ ಓದಿದ್ದೆ. ಅದರಲ್ಲಿ ಎಲ್ಲವೂ ಇತ್ತು: ನಿನ್ನ ಹೊಟ್ಟೆ ಕಾಣಿಸತೊಡಗಿದ್ದು, ಪಾದ್ರಿ ಕಚಿಂಗ್ವೆ ನಿನ್ನನ್ನು ಹಾಡುವವರ ಸಾಲಿನಿಂದ ಎಬ್ಬಿಸಿ ಕೊನೆಯ ಬೆಂಚಿಗೆ ಕಳಿಸಿದ್ದು, ನೀನು ಆ ಬೆಂಚನ್ನೂ ದಾಟಿ ಬಾಗಿಲಿನಾಚೆ ನಡೆದದ್ದು. ಕೊನೆಯ ಸಾಲು ನನಗೆ ಬಾಯಿಪಾಠ: "ನನ್ನ ಮಗಳು ಹೊರಗೆ ಹೋದಳು, ನಾನು ಬಿಳಿ ರವಿಕೆ ಹಾಕಿಕೊಂಡು ಹಾಡುತ್ತಲೇ ಇದ್ದೆ." ಅಷ್ಟೇ. ಅದನ್ನು ಓದಿ ನಾನು ಹೊರಗೆ ಹೋಗಿ ಕೋಳಿಗಳ ನಡುವೆ ನಿಂತು ಅತ್ತೆ. ಇಡೀ ಸಭೆ ಇದನ್ನು ಓದಿದರೆ ಇನ್ನು ಯಾವ ಹುಡುಗಿಯನ್ನೂ ಆ ಬೆಂಚಿಗೆ ಕಳಿಸಲಾರರು ಎಂದು ನಂಬಿದೆ.

ಅಚ್ಚಾಗಿ ಬಂದಾಗ ಆ ಸಾಲು ಇರಲಿಲ್ಲ. ನೀನು ಮೊಣಕಾಲೂರಿದ್ದೆ.

ಈಸ್ಟರ್ ಆದ ಮುಂದಿನ ಭಾನುವಾರ ಪುಸ್ತಕದ ಬಿಡುಗಡೆ ಇತ್ತು. ಅಮ್ಮನ ನಿಯಮ ನಿನಗೆ ಗೊತ್ತು. ಕಥೆ ಹೇಳುವವರು ಸಾಲು ಮುಗಿಸಿದಾಗಲೆಲ್ಲ ಕೇಳುವವರು "ತಿಲಿ ತೊನ್ಸೆ", ಜೊತೆಗಿದ್ದೇವೆ, ಎಂದು ಹೂಂಗುಟ್ಟಬೇಕು. ಅದು ಊರಿನ ರೂಢಿ. ಅದಕ್ಕೆ ಅಮ್ಮ ಒಂದು ಸೇರಿಸಿದ್ದಳು: ನಡೆದ ಕಥೆಯಾದರೆ, ಕಥೆ ಯಾರದೋ ಅವರೇ, ಅವರಿಲ್ಲದಿದ್ದರೆ ಅವರ ಮನೆಯವರೇ ಮೊದಲು ಜೊತೆಗೂಡಬೇಕು. ಅವರು ಬಾಯಿ ಬಿಡದಿದ್ದರೆ ಹೇಳುವವಳು ಅಲ್ಲಿಗೇ ನಿಲ್ಲಿಸಬೇಕು. ನಾಫಿರಿ ದೊಡ್ಡಮ್ಮನ ಗಂಡ ಒಮ್ಮೆ ತನ್ನ ಕುಡಿತದ ಕಥೆಗೆ ತುಟಿ ಬಿಚ್ಚದೆ ಕೂತು ಎಂಥ ಗದ್ದಲವಾಗಿತ್ತು, ನೆನಪಿರಬೇಕು. "ಕುಡಿಯೋವಾಗ ಬಾಯಿ ಚೆನ್ನಾಗೇ ತೆರೀತಿತ್ತಲ್ಲ" ಅಂತ ದೊಡ್ಡಮ್ಮ ಎಲ್ಲರೆದುರು ಅಂದಿದ್ದರು. ಆದರೂ ಅಮ್ಮ ಆ ಕಥೆಯನ್ನು ಮತ್ತೆಂದೂ ಹೇಳಲಿಲ್ಲ.

ಅಂದು ಅಮ್ಮ ನಿನ್ನ ಶಾಲು ಹೊದ್ದು ಪೀಠದ ಪಕ್ಕದಲ್ಲಿ ನಿಂತಳು. ಮೊದಲಿನ ಸಾಲುಗಳಿಗೆ ನಾನೇ ಮೊದಲು ಜೊತೆಗೂಡಿದೆ, ಅವು ನಿಜವಾಗಿದ್ದವು. ಅವಳು ಕೊನೆಯ ಪುಟಕ್ಕೆ ಬಂದು, "ಒಂದು ಬೆಳಿಗ್ಗೆ ನನ್ನ ಮಗಳು ಇದೇ ಬಾಗಿಲಲ್ಲಿ ನಿಂತಿದ್ದಳು" ಎಂದಳು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಬಾಗಿಲಿನ ಕಡೆ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ. ನಾನು ಬಾಯಿ ತೆರೆಯಲಿಲ್ಲ. ಅಮ್ಮ ಕಾದಳು, ಅದೇ ಸಾಲನ್ನು ಇನ್ನೊಮ್ಮೆ ಹೇಳಿದಳು. ಹಿಂದಿನಿಂದ ನಾಫಿರಿ ದೊಡ್ಡಮ್ಮ, "ಒಂದು ಮಾತು ಅನ್ನೇ ಹುಡುಗಿ, ನಿನ್ನ ನಾಲಿಗೆ ಏನು ಸವೆಯಲ್ಲ" ಎಂದು ಬೆನ್ನಿಗೆ ತಿವಿದರು. ಅನ್ನಲಿಲ್ಲ. ಅಮ್ಮ ಪುಸ್ತಕ ಮುಚ್ಚಿ, ತನ್ನ ನಿಯಮದಂತೆ, ಬಂದು ಬೆಂಚಿನಲ್ಲಿ ಕೂತಳು. ಕೊನೆಯ ಬೆಂಚಿನಲ್ಲಿ, ಅಕ್ಕಾ.

ಮನೆಗೆ ಬಂದ ಮೇಲೆ ನಾನು ಪಾದ್ರಿಯನ್ನು, ಸಭೆಯನ್ನು, ಅಚ್ಚು ಹಾಕಿಸಿದವರನ್ನು ಬಾಯಿಗೆ ಬಂದಂತೆ ಬೈದೆ. ಅಮ್ಮ ಗಂಜಿ ತಿರುವುತ್ತಿದ್ದವಳು, "ಪಾದ್ರಿಯೋರು ಮೊದಲ ಪ್ರತಿ ನೋಡಿ ಮುಖ ಸಣ್ಣಗೆ ಮಾಡ್ಕೊಂಡ್ರು, ಅಷ್ಟೇ. ಕೊನೆ ಪುಟ ಬದಲಾಯಿಸಿದ್ದು ನಾನೇ ಕಣೆ" ಎಂದಳು. ಪೇತ್ರನು ಮೂರು ಸಲ ಯೇಸುವನ್ನು ಅರಿಯೆನೆಂದದ್ದನ್ನು ಸುವಾರ್ತೆ ಬರೆದವರು ಅಳಿಸಲಿಲ್ಲ, ನೀನು ಯಾಕೆ ಅಳಿಸಿದೆ ಎಂದು ಕೇಳಿದೆ. ಅವಳು ಮೆಲ್ಲಗೆ, "ದಾರಿ ತಪ್ಪಿದ ಮಗನ ಕಥೆ ಯೇಸುಸ್ವಾಮಿ ಹೇಳಿದಾಗ ಅಂಥ ಮಗ ಯಾರಾದ್ರೂ ಬಂದಿದ್ನೇನೆ? ಹೇಳಿದ್ದಕ್ಕೇ ಬಂದ" ಎಂದಳು. ಆ ಮಗನಿಗೆ ಹೆಸರಿಲ್ಲಮ್ಮ, ನಮ್ಮಕ್ಕನಿಗೆ ಇದೆ, ಎಂದೆ. ಅವಳು ಗಂಜಿಯ ಪಾತ್ರೆಯನ್ನು ಒಲೆಯಿಂದ ಇಳಿಸಿ ಹೇಳಿದಳು: "ನಿಜ ಕಣೆ. ಆದ್ರೆ ಯಾರಾದ್ರೂ ಓದಿದಾಗಲೆಲ್ಲ ಅವಳು ಒಂದ್ಸಲ ಬಂದು ಹೋಗ್ತಾಳಲ್ಲ." ಮಗುವನ್ನು ಯಾಕೆ ಬಿಟ್ಟೆ ಎಂದು ಕೇಳಿದ್ದಕ್ಕೆ, "ಮುಖ ಗೊತ್ತಿಲ್ಲದೆ ಹೇಗೆ ಬರೀಲಿ" ಎಂದಳು.

ಅಂದಿನಿಂದ ಅವಳು ಯಾರಿಗೂ ಕಥೆ ಹೇಳಿಲ್ಲ. ಹೆಂಗಸರು ಬಂದು ಅಂಗಳದಲ್ಲಿ ಕೂರುತ್ತಾರೆ, ಹರಟುತ್ತಾರೆ, ಎದ್ದು ಹೋಗುತ್ತಾರೆ. ನೀನು ಹೋದಾಗಿನಿಂದ ಅವರು ನಿನ್ನ ಹೆಸರು ಬಿಟ್ಟು, ನನ್ನ ಹೆಸರು ಹಿಡಿದು ಅವಳನ್ನು "ತಡಾಲಾಳ ಅಮ್ಮಾ" ಎಂದು ಕರೆಯುತ್ತಾರೆ. ಆ ಹೆಸರಿಗೆ ಅವಳು ಒಂದು ದಿನವೂ ಓಗೊಟ್ಟಿಲ್ಲ. ಪುಸ್ತಕದ ಮೇಲೂ "ತಿಯಮಿಕೆಯ ಅಮ್ಮ" ಎಂದೇ ಹಾಕಿಸಿದ್ದಾಳೆ. ನಾನು ಮಾಡಿದ್ದು ಸರಿ ಎಂದು ಈಗಲೂ ಹೇಳುತ್ತೇನೆ. ಸತ್ಯದ ಪಕ್ಕದಲ್ಲಿ ನಿಂತೆ. ಅಲ್ಲಿ ಈಗ ನಾನೊಬ್ಬಳೇ ಇದ್ದೇನೆ, ಮನೆಯಲ್ಲಿ ಗಂಜಿ ಕುದಿಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಆ ಬೆಂಚು ಹಾಗೇ ಇದೆ. ಹೋದ ವಾರ ಅದರಲ್ಲಿ ಇನ್ನೊಬ್ಬ ಹುಡುಗಿ ಕೂತಿದ್ದಳು. ಅವಳ ಕೈಯಲ್ಲಿ ಅಮ್ಮನ ಪುಸ್ತಕವಿತ್ತು, ನೀನು ಮೊಣಕಾಲೂರಿದ ಪುಟ ತೆರೆದಿತ್ತು. ಅವಳಿಗೆ ನಾನು ಏನು ಹೇಳಲಿ?

ಎಲ್ಲವೂ ಸರಿಹೋಗುತ್ತದೆ ಎಂದು ನಿನಗೆ ಬರೆಯಲಾರೆ. ಸರಿಹೋಗುವಂತೆ ಕಾಣುವುದಿಲ್ಲ. ಮಗುವಿನ ತಲೆಯ ಮೇಲೆ ನನ್ನ ಕೈಯನ್ನು ನೀನೇ ಇಡು. ನಾಫಿರಿ ದೊಡ್ಡಮ್ಮ ನೆನಪು ತಿಳಿಸಿದ್ದಾರೆ. ನೀನು ಚರ್ಚಿನಿಂದ ಹೊರನಡೆದ ದಿನ ಅವರು ನಿನ್ನ ಹಿಂದೆ ಬಾಗಿಲಿನವರೆಗೆ ಬಂದಿದ್ದರಂತೆ, ಈಗ ಹೇಳುತ್ತಾರೆ. ದೇವರು ನಿನ್ನನ್ನು ಆ ದೊಡ್ಡ ಊರಿನಲ್ಲಿ ಒಂಟಿ ಮಾಡದಿರಲಿ.

ನಿನ್ನ ತಂಗಿ,
ತಡಾಲಾ

ಮರೆತದ್ದು: ಈ ಕಾಗದ ಒಯ್ಯಬೇಕಾದ ಮಯೆಸೊ ಬಸ್ಸು ಹೊರಡಿಸಲು ಹಾರನ್ ಹೊಡೆಯುತ್ತಿದ್ದಾನೆ. ಇವತ್ತು ಬೆಳಿಗ್ಗೆ ಅಮ್ಮ ನನ್ನ ಗಲ್ಲ ಹಿಡಿದು, "ಜೂನ್ ಮೊದಲನೇ ಭಾನುವಾರ ಇನ್ನೊಂದ್ಸಲ ಹೇಳ್ತೀನಿ. ಆಮೇಲೆ ದನಿ ಇರಲ್ಲ. ಈ ಸಲ ಜೊತೆಗಿರ್ತೀಯಾ?" ಎಂದು ಕೇಳಿದಳು. ಕಥೆ ನಿನ್ನದು, ನೀನು ಬಂದರೆ ಮೊದಲ ಮಾತು ನಿನ್ನದೇ. ನೀನು ಸುಮ್ಮನಿದ್ದರೆ ಯಾರೂ ಏನೂ ಮಾಡಲಾರರು. ಮೊಣಕಾಲೂರಲು ಬಾ ಎಂದು ನಾನು ಕರೆಯುತ್ತಿಲ್ಲ. ಮುಖ ತೋರಿಸಲು ಬಾ, ಮಗುವಿನದನ್ನೂ. ನೀನು ಬರದಿದ್ದರೆ ಅವಳ ಸುಳ್ಳಿಗೆ ನಾನೇ ಜೊತೆಗೂಡುತ್ತೇನೆ, ಇಡೀ ಚರ್ಚಿಗೆ ಕೇಳುವಂತೆ, ಕೊನೆಯ ಸಾಲಿನವರೆಗೂ. ಇಲ್ಲಿ ಚಳಿ ಶುರುವಾಗಿದೆ, ಮಗುವಿಗೆ ದಪ್ಪ ಅಂಗಿ ಹಾಕು. ಜೋಹಾನ್ಸ್‌ಬರ್ಗ್ ಬಸ್ಸು ನಿಲ್ಲುವಲ್ಲಿ ಕಾಯುತ್ತಿರುತ್ತೇನೆ: ದೆಡ್ಜಾ ನಿಲ್ದಾಣ, ಜೂನ್ ನಾಲ್ಕು, ಶುಕ್ರವಾರ, ಸಂಜೆ ನಾಲ್ಕು ಗಂಟೆ.